ಜಗಲಿಯ ಫೋನಿಗೆ ಕರೆಂಟ್ ಎಲ್ಲಿಂದ?

ತಲೆಗೊಂದು ಮೊಬೈಲ್ ಇರುವ ಮನೆಯಲ್ಲೂ ಲ್ಯಾಂಡ್‌ಲೈನ್ ತೆಗೆಸುವ ಮಾತು ಬಂದರೆ ಹಿರಿಯರು ಅಡ್ಡ ಬರುತ್ತಾರೆ. 'ಇರಲಿ ಬಿಡು, ಆಪತ್ತಿಗೆ ಬೇಕಾಗುತ್ತೆ' ಎನ್ನುತ್ತಾರೆ. ಆ ಮಾತಿನ ಹಿಂದೆ ದಶಕಗಳ ಅನುಭವವಿದೆ. ಹಳೆಯವರ ಹಠ ಎಂದು ಅದನ್ನು ತಳ್ಳಿಹಾಕುವುದು ಸರಿಯಲ್ಲ. ಆದರೆ ಆ ಅನುಭವ ಕೊಟ್ಟ ಫೋನು ಯಾವುದು, ಇವತ್ತು ಜಗಲಿಯಲ್ಲಿ ಕೂತಿರುವ ಫೋನು ಯಾವುದು ಎಂದು ವಿಚಾರಿಸದೆ ಒಪ್ಪಿಕೊಳ್ಳುವುದೂ ಸರಿಯಲ್ಲ. ಎಷ್ಟೋ ಮನೆಗಳಲ್ಲಿ ಹಳೆಯ ನಂಬರ್ ಹಾಗೇ ಇದೆ, ಅದಕ್ಕೆ ಜೀವ ಕೊಡುತ್ತಿದ್ದ ತಂತಿ ಮಾತ್ರ ಇಲ್ಲ.

ತಾಮ್ರದ ಜೋಡಿ ತಂತಿಯ ಫೋನಿಗೆ ಮನೆಯ ವಿದ್ಯುತ್ತಿನ ಹಂಗಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸಾಲಾಗಿ ಜೋಡಿಸಿಟ್ಟ ಬ್ಯಾಟರಿಗಳಿಂದ 48 ವೋಲ್ಟ್ ವಿದ್ಯುತ್ತು ಮಾತು ಸಾಗುವ ಅದೇ ತಂತಿಯಲ್ಲೇ ಮನೆಗೆ ಹರಿದು ಬರುತ್ತಿತ್ತು. ಊರಿಗೆ ಊರೇ ಕತ್ತಲಾದರೂ ರಿಸೀವರ್ ಎತ್ತಿದರೆ ಡಯಲ್ ಟೋನ್ ಕೇಳುತ್ತಿದ್ದದ್ದು ಇದರಿಂದ. ಬ್ಯಾಟರಿ ಇಳಿಯುವ ಹೊತ್ತಿಗೆ ಡೀಸೆಲ್ ಜನರೇಟರ್ ಹಚ್ಚಲು ಎಕ್ಸ್‌ಚೇಂಜಿನಲ್ಲಿ ಒಬ್ಬ ನೌಕರ ಇರುತ್ತಿದ್ದ. ಹಳ್ಳಿಯ ವಿದ್ಯುತ್ತು, ಹಳ್ಳಿಯ ಸೆಕೆ ಎರಡನ್ನೂ ತಾಳಿಕೊಳ್ಳುವಂತೆ, ಹವಾನಿಯಂತ್ರಣ ಬೇಡದಂತೆ ಸಿ-ಡಾಟ್ ಸಂಸ್ಥೆ ರೂಪಿಸಿದ 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಕೆಲಸ ಶುರು ಮಾಡಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಹಿರಿಯರು ನಂಬಿದ್ದು ಈ ಇಡೀ ಏರ್ಪಾಟನ್ನು. ಕರೆಂಟ್ ಇಲ್ಲದ ಮನೆಗೂ ಕರೆ ಮಾಡುವಷ್ಟು ಕರೆಂಟನ್ನು ಬೇರೆಯವರು ಹೊಣೆ ಹೊತ್ತು ಒದಗಿಸುತ್ತಿದ್ದರು.

ಅದಕ್ಕೆ ಇನ್ನೊಂದು ಗುಣವೂ ಇತ್ತು, ಮಲೆನಾಡಿನ ಒಂಟಿ ಮನೆಗಳಲ್ಲಿ ಇಂದಿಗೂ ಅದರ ಬೆಲೆ ಕುಗ್ಗಿಲ್ಲ. ಹೊಸನಗರ, ಜೊಯಿಡಾ, ಶೃಂಗೇರಿ ಸುತ್ತಿನ ಎಷ್ಟೋ ಮನೆಗಳ ಒಳಗೆ ಮೊಬೈಲ್ ಸಿಗ್ನಲ್ ಹಿಡಿಯುವುದಿಲ್ಲ. ಮಾತಾಡಬೇಕೆಂದರೆ ಗುಡ್ಡ ಹತ್ತಬೇಕು. ಲಾಕ್‌ಡೌನಿನ ಕಾಲದಲ್ಲಿ ಮಕ್ಕಳು ಪಾಠ ಕೇಳಲು ಹತ್ತಿದ್ದೂ ಅದೇ ಗುಡ್ಡಗಳನ್ನು. ಅಂಥ ಮನೆಯಲ್ಲಿ ರಾತ್ರಿ ಅಜ್ಜನಿಗೆ ಎದೆನೋವು ಬಂದಿತೆನ್ನಿ. ಮಗ ಟಾರ್ಚ್ ಹಿಡಿದು ಗುಡ್ಡದ ಮೇಲೆ ಓಡಿ 108ಕ್ಕೆ ಫೋನ್ ಮಾಡುತ್ತಾನೆ. ಕರೆ ಸೇರುತ್ತದೆ, ಆಂಬುಲೆನ್ಸ್ ಹೊರಡುತ್ತದೆ. ಆದರೆ ಡಾಂಬರು ರಸ್ತೆಯಿಂದ ಎಲ್ಲಿ ಒಳಕ್ಕೆ ತಿರುಗಬೇಕು, ಕಾಲುಸಂಕ ದಾಟಬೇಕೋ ಬೇಡವೋ ಎಂದು ಕೇಳಲು ಚಾಲಕ ತಿರುಗಿ ಫೋನ್ ಮಾಡುವಷ್ಟರಲ್ಲಿ ಮಗ ಇಳಿದು ಅಜ್ಜನ ಹತ್ತಿರ ಬಂದಿರುತ್ತಾನೆ, ಅವನ ಮೊಬೈಲ್ 'ವ್ಯಾಪ್ತಿ ಪ್ರದೇಶದ ಹೊರಗೆ' ಇರುತ್ತದೆ. ತುರ್ತಿನಲ್ಲಿ ಕರೆ ಮಾಡಲು ಸಾಧ್ಯವಾದರೆ ಸಾಲದು, ಕರೆಗೆ ಸಿಗುವಂತೆಯೂ ಇರಬೇಕು. ರೋಗಿಯ ಪಕ್ಕದಲ್ಲೇ ರಿಂಗಾಗುವ ಫೋನು ಇಲ್ಲಿ ಜೀವ ಉಳಿಸಬಲ್ಲದು. ಅದು ಯಾರ ಜೇಬಿನಲ್ಲೂ ಪೇಟೆಗೆ ಹೋಗುವುದಿಲ್ಲ. ಲಾಕ್ ತೆಗೆಯಲು ಬಾರದ ಅಜ್ಜಿಯೂ, ಮನೆಗೆಲಸಕ್ಕೆ ಬಂದವರೂ ಅದನ್ನು ಎತ್ತಿ ಮಾತಾಡಬಲ್ಲರು.

ಹಾಗೆಂದು ತಾಮ್ರದ ಕಾಲವನ್ನು ಹೊಗಳಿ ಕೂರಲು ಮನಸ್ಸಿಲ್ಲ. ಗುಡುಗು ಶುರುವಾದರೆ ಫೋನಿನ ಪಿನ್ನು ಕಿತ್ತಿಡುವುದು ಮಲೆನಾಡಿನ ಮನೆಗಳ ವಾಡಿಕೆಯಾಗಿತ್ತು, ಇಡದಿದ್ದರೆ ಸಿಡಿಲಿಗೆ ಉಪಕರಣ ಸುಡುತ್ತಿತ್ತು. ಮರದ ಕೊಂಬೆ ಬಿದ್ದರೆ ಲೈನ್‌ಮನ್ ಬರುವ ತನಕ ಫೋನು ಮೂಕ. 2020ರ ಜನವರಿ ಕೊನೆಗೆ ಬಿಎಸ್‌ಎನ್‌ಎಲ್‌ನ 78 ಸಾವಿರಕ್ಕೂ ಹೆಚ್ಚು ನೌಕರರು ಸ್ವಯಂ ನಿವೃತ್ತಿ ಪಡೆದರು. ಯಾವ ಕಂಬದ ಬಳಿ ಯಾವ ಜೋಡಿ ಹಳೆಯದಾಗಿದೆ ಎಂದು ಬಲ್ಲವರ ತಿಳಿವಳಿಕೆಯೂ ಅವರ ಜತೆಗೇ ಹೋಯಿತು. ಇನ್ನು 2018ರ ಆಗಸ್ಟಿನಲ್ಲಿ ಕೊಡಗಿನಲ್ಲಾದಂತೆ ಗುಡ್ಡವೇ ಜಾರಿದಾಗ ಕಂಬ, ತಂತಿ, ರಸ್ತೆ ಎಲ್ಲ ಒಟ್ಟಿಗೇ ಹೋಗುತ್ತವೆ. ಅಂಥ ಮಹಾ ಆಪತ್ತಿಗೆ ಲ್ಯಾಂಡ್‌ಲೈನ್ ಉತ್ತರವಾಗಿರಲಿಲ್ಲ, ಇಂದೂ ಅಲ್ಲ. ಅದರ ಬಲವಿದ್ದದ್ದು ಒಂದೊಂದೇ ಮನೆಗೆ ಬರುವ ಕಷ್ಟಗಳಲ್ಲಿ: ಹಾವು ಕಚ್ಚಿದ ಸಂಜೆ, ಹೆರಿಗೆ ನೋವು ಶುರುವಾದ ಮಳೆಯ ರಾತ್ರಿ.

ಈಗ ಫೈಬರ್ ಬಂದಿದೆ. ದೇಶದಲ್ಲಿ 2006ರ ಸುಮಾರಿಗೆ 5 ಕೋಟಿಯಷ್ಟಿದ್ದ ಸ್ಥಿರ ದೂರವಾಣಿ ಸಂಪರ್ಕಗಳು 2020ರ ಹೊತ್ತಿಗೆ ಸುಮಾರು 2 ಕೋಟಿಗೆ ಇಳಿದಿದ್ದವು. ಅಲ್ಲಿಂದೀಚೆಗೆ ಲೆಕ್ಕ ಮತ್ತೆ ಏರುತ್ತಿರುವುದು ಮನೆಮನೆಗೆ ಬರುತ್ತಿರುವ ಫೈಬರಿನಿಂದ. ಗಾಜಿನ ಎಳೆ ಬೆಳಕನ್ನು ಸಾಗಿಸುತ್ತದೆ, ಕರೆಂಟನ್ನು ಸಾಗಿಸಲಾರದು. ಗೋಡೆಯ ಮೋಡೆಮ್ ಮನೆಯ ವಿದ್ಯುತ್ತಿನಿಂದಲೇ ನಡೆಯಬೇಕು. ಕರೆಂಟ್ ಹೋದ ಕ್ಷಣವೇ ಅದಕ್ಕೆ ಸಿಕ್ಕಿಸಿದ ಫೋನೂ ಸಾಯುತ್ತದೆ. ಸಂಪರ್ಕ ಬದಲಿಸಲು ಬರುವವರು ವೇಗ, ದರ, ಸಿಗುವ ಚಾನೆಲ್ಲುಗಳ ಬಗ್ಗೆ ವಿವರವಾಗಿ ಹೇಳುತ್ತಾರೆ. ಈ ಒಂದು ಸಂಗತಿಯನ್ನು ಮನೆಯ ಹಿರಿಯರಿಗೆ ಬಿಡಿಸಿ ಹೇಳುವವರು ಅಪರೂಪ. ನನ್ನ ದೊಡ್ಡ ಆಕ್ಷೇಪ ಇರುವುದು ಇಲ್ಲೇ. ಫೈಬರ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆದರೆ ಕಂಪನಿ ಹೊತ್ತಿದ್ದ ಹೊಣೆಯನ್ನು ಸದ್ದಿಲ್ಲದೆ ಮನೆಯವರ ತಲೆಗೆ ದಾಟಿಸಿ, ಹಳೆಯ ನಂಬರಿನ ಭರವಸೆಯನ್ನು ಹಾಗೇ ಉಳಿಸಿಕೊಳ್ಳುವುದು ಅನ್ಯಾಯ.

ಬ್ರಿಟನ್ನಿನಲ್ಲಿ ಇದೇ ಪ್ರಶ್ನೆ ಬಹಿರಂಗವಾಗಿ ಚರ್ಚೆಯಾಯಿತು. ಅಲ್ಲಿ ತಾಮ್ರದ ಹಳೆಯ ಜಾಲವನ್ನು ಮುಚ್ಚುವ ಗಡುವು 2025ರ ಕೊನೆಯಿಂದ 2027ರ ಜನವರಿಗೆ ಮುಂದೆ ಹೋಯಿತು. ಬಿದ್ದರೆ ಒತ್ತಿ ಸಹಾಯ ಕರೆಯುವ ಗುಂಡಿಯನ್ನು ನೆಚ್ಚಿಕೊಂಡು ಒಂಟಿಯಾಗಿ ಬದುಕುವ ವೃದ್ಧರ ಚಿಂತೆ ಅದಕ್ಕೆ ಮುಖ್ಯ ಕಾರಣಗಳಲ್ಲೊಂದು. ಲ್ಯಾಂಡ್‌ಲೈನನ್ನೇ ನಂಬಿರುವ ಮನೆಗೆ ವಿದ್ಯುತ್ತು ಹೋದ ಮೇಲೂ ಕನಿಷ್ಠ ಒಂದು ಗಂಟೆ ತುರ್ತು ಕರೆ ಮಾಡಲು ವ್ಯವಸ್ಥೆ ಇರಬೇಕೆಂದು ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಹೇಳಿದೆ. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಬಾರದ ನಮ್ಮ ಊರುಗಳಿಗೆ ಒಂದು ಗಂಟೆ ಏನೇನೂ ಸಾಲದು. ಆದರೂ ಕಂಪನಿಯ ಮೇಲೆ ಹೊಣೆ ಇದೆ ಎಂಬ ತತ್ವವನ್ನಾದರೂ ಅಲ್ಲಿ ಒಪ್ಪಿಕೊಂಡಿದ್ದಾರೆ.

ಫೈಬರಿನ ಒಳ್ಳೆಯ ಗುಣವನ್ನೂ ಹೇಳಬೇಕು. ಎಕ್ಸ್‌ಚೇಂಜಿನಿಂದ ಮನೆಯ ತನಕ ದಾರಿಯಲ್ಲಿ ಬೆಳಕನ್ನು ಕವಲೊಡೆಸುವ ಪೆಟ್ಟಿಗೆಗಳಿಗೆ ವಿದ್ಯುತ್ತು ಬೇಕಿಲ್ಲ. ಆ ತುದಿಯಲ್ಲಿ ಬ್ಯಾಟರಿ ಇದ್ದು ಈ ತುದಿಯಲ್ಲಿ ಇನ್ವರ್ಟರ್ ಇದ್ದರೆ ನಡುವಿನ ಊರು ಪೂರ್ತಿ ಕತ್ತಲಾಗಿದ್ದರೂ ಮಾತು ಸಾಗುತ್ತದೆ. ವೈಫೈ ಮೂಲಕ ಮೊಬೈಲೂ ಮನೆಯೊಳಗೇ ಕರೆಗೆ ಸಿಗುತ್ತದೆ. ಗುಡ್ಡ ಹತ್ತುವ ಕಷ್ಟ ತಪ್ಪಿದ ಮನೆಗಳು ಈಗ ಸಾಕಷ್ಟಿವೆ. ಕಡಿದರೆ ಮಾತ್ರ ತೊಂದರೆ. ತಾಮ್ರದ ತಂತಿಯನ್ನು ಲೈನ್‌ಮನ್ ಕೈಯಲ್ಲೇ ಹೆಣೆದು ಸೇರಿಸುತ್ತಿದ್ದ. ಗಾಜಿನ ಎಳೆಯನ್ನು ಬೆಸೆಯಲು ಯಂತ್ರ ಬೇಕು, ಆ ಯಂತ್ರ ಹೋಬಳಿಗೊಂದೂ ಇರುವುದಿಲ್ಲ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಕಡೆ ಆಪತ್ತಿನ ನೆಪಕ್ಕೆ ಲ್ಯಾಂಡ್‌ಲೈನ್ ಇಟ್ಟುಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಸಿಗ್ನಲ್ ಎಲ್ಲೆಡೆ ಇದೆ, 112 ಒತ್ತಿದರೆ ನಮ್ಮ ಕಂಪನಿಯ ಟವರ್ ಇಲ್ಲದಿದ್ದರೂ ಬೇರೆ ಕಂಪನಿಯ ಜಾಲದ ಮೂಲಕ ಕರೆ ಹೋಗಬಲ್ಲದು, ಲಾಕ್ ತೆಗೆಯದೆಯೂ ತುರ್ತು ಕರೆ ಮಾಡಬಹುದು. ವಯಸ್ಸಾದವರಿಗೆ ದೊಡ್ಡ ಗುಂಡಿಗಳ ಸಾದಾ ಮೊಬೈಲೊಂದನ್ನು ಚಾರ್ಜರಿಗೆ ಸಿಕ್ಕಿಸಿ ಒಂದೇ ಜಾಗದಲ್ಲಿ ಇಟ್ಟರೆ ಸಾಕು.

ಸಿಗ್ನಲ್ ಇಲ್ಲದ ಮನೆಗೆ ನನ್ನ ತೀರ್ಮಾನ ಬೇರೆ. ಅಲ್ಲಿ ಫೋನು ಇರಲೇಬೇಕು. ಅದರ ಜತೆಗೆ ಮೋಡೆಮ್ಮಿಗೆ ಬ್ಯಾಟರಿಯೂ ಇರಲೇಬೇಕು. ಮೋಡೆಮ್ಮಿಗೆಂದೇ ಸಿಗುವ ಸಣ್ಣ ಯುಪಿಎಸ್ ಕೆಲವು ಗಂಟೆ ನಡೆಸುತ್ತದೆ, ಸೌರ ಫಲಕಕ್ಕೆ ಜೋಡಿಸಿದ ಇನ್ವರ್ಟರ್ ಇನ್ನೂ ಹೆಚ್ಚು ಹೊತ್ತು. ಇಂಥ ಊರುಗಳಲ್ಲಿ ಸಂಪರ್ಕ ಕೊಡುವಾಗಲೇ ಬ್ಯಾಟರಿಯನ್ನೂ ಕೊಡಬೇಕು, ಎಕ್ಸ್‌ಚೇಂಜಿನ ಡೀಸೆಲ್ಲಿಗೆ ಮಳೆಗಾಲಕ್ಕೆ ಮೊದಲೇ ಹಣ ತೆಗೆದಿಡಬೇಕು ಎಂದು ಗ್ರಾಮಸಭೆಗಳು ಠರಾವು ಮಾಡಿ ಕಳಿಸಲಿ. ಮನೆಯವರು ಮೇ ತಿಂಗಳ ಒಂದು ಸಂಜೆ ಮೇನ್ ಸ್ವಿಚ್ ಆರಿಸಿ, ಕತ್ತಲಲ್ಲಿ ಅಜ್ಜಿಯ ಕೈಯಿಂದಲೇ ಪೇಟೆಯ ನೆಂಟರಿಗೆ ಒಂದು ಕರೆ ಮಾಡಿಸಲಿ, ಅವರಿಂದ ತಿರುಗಿ ಒಂದು ಕರೆ ತರಿಸಲಿ. ಎರಡೂ ಸೇರಿದರೆ ಆ ಮನೆಯ ಫೋನನ್ನು ಆ ವರ್ಷದ ಮಳೆಗೆ ನಂಬಬಹುದು.