ಟಕಾರ ಸೇರಿದ ಈಗೋ

‘ಈಗೋ’ ಈಗ ಕನ್ನಡದ ಮಾತೇ ಆಗಿದೆ. ಅವನಿಗೆ ಈಗೋ ಜಾಸ್ತಿ, ಅವಳ ಈಗೋಗೆ ಪೆಟ್ಟು ಬಿತ್ತು, ಹೀರೋಗೂ ಡೈರೆಕ್ಟರ್‌ಗೂ ಈಗೋ ಕ್ಲಾಷ್ ಎಂದು ದಿನವೂ ಕೇಳುತ್ತೇವೆ. ಅದೇ ಬುಡದ ‘ಈಗೋಟಿಸಮ್’ ಮಾತ್ರ ಕಾಲೇಜಿನ ಪಠ್ಯ ದಾಟಿ ಬೀದಿಗೆ ಬರಲಿಲ್ಲ. ಎಲ್ಲಾದರೂ ಎದುರಾದರೆ ‘ಅಹಂಕಾರ’ ಎಂದು ಅರ್ಥ ಬರೆದು ಮುಂದಕ್ಕೆ ಹೋಗುತ್ತೇವೆ. ಸ್ವಪ್ರತಿಷ್ಠೆಗೆ ಇಂಗ್ಲಿಷಿನಲ್ಲಿ ಪದಗಳ ಬರವಿಲ್ಲ. ವ್ಯಾನಿಟಿ ಇದೆ, ಕನ್ಸೀಟ್ ಇದೆ, ಆರೊಗೆನ್ಸ್ ಇದೆ. ನನಗೆ ಇವೆಲ್ಲಕ್ಕಿಂತ ಈಗೋಟಿಸಮ್ ಇಷ್ಟ. ಅದು ವ್ಯಾಕರಣದ ಒಂದು ಸಣ್ಣ ಸರ್ವನಾಮದ ಮೇಲೆ ಬಂದ ದೂರಾಗಿ ಹುಟ್ಟಿದ ಪದ, ಬರೆಯುವವರಿಗಾಗಿಯೇ ಹುಟ್ಟಿದ ಪದ.

ಹುಟ್ಟಿದ ಜಾಗವೂ ಗೊತ್ತು. ಲಂಡನ್ನಿನ ‘ದಿ ಸ್ಪೆಕ್ಟೇಟರ್’ ಪತ್ರಿಕೆಯ 562ನೆಯ ಸಂಚಿಕೆ, 1714ರ ಜುಲೈ. ಜೋಸೆಫ್ ಅಡಿಸನ್ ಅದರಲ್ಲಿ ತಮ್ಮ ಬಗ್ಗೆ ತಾವೇ ಬರೆದುಕೊಳ್ಳುವವರ ಮೇಲೆ ಒಂದು ಪ್ರಬಂಧ ಬರೆದರು. ಪ್ಯಾರಿಸ್ ಹತ್ತಿರದ ಪೋರ್ಟ್ ರಾಯಲ್ ಮಠದ ಪಂಡಿತರು ತಮ್ಮ ಬರಹಗಳಿಂದ ‘ನಾನು’ ಎಂಬುದನ್ನೇ ಹೊರಗಟ್ಟಿದರು, ‘ನಾನು’ ಎಂದು ಬರೆಯುವ ಬಗೆಗೆ ಈಗೋಟಿಸಮ್ ಎಂಬ ಹಣೆಪಟ್ಟಿ ಹಚ್ಚಿದರು ಎಂಬುದು ಅಡಿಸನ್ ಹೇಳುವ ಕಥೆ. ‘ಈಗೋ’ ಎಂದರೆ ಲ್ಯಾಟಿನ್ನಿನಲ್ಲಿ ‘ನಾನು’, ಅಷ್ಟೇ. ಹಾಗಾಗಿ ಈ ಪದದ ಮೊದಲ ಅರ್ಥ ಮಾತುಮಾತಿಗೂ ‘ನಾನು’ ಅನ್ನುವುದು.

ಅಡಿಸನ್ ಕೊಟ್ಟ ಉದಾಹರಣೆಗಳಲ್ಲಿ ಎರಡು ನೆನಪಿಡುವಂಥವು. ಮೊದಲನೆಯದು ಎಂಟನೆಯ ಹೆನ್ರಿಯ ಮಂತ್ರಿ ಕಾರ್ಡಿನಲ್ ವೂಲ್ಸಿಯದು. ಲ್ಯಾಟಿನ್ನಿನಲ್ಲಿ ‘ನಾನು ಮತ್ತು ನನ್ನ ದೊರೆ’ ಎಂದು ಬರೆದು, ದೊರೆಗಿಂತ ಮುಂದೆ ತನ್ನನ್ನು ಕೂರಿಸಿಕೊಂಡ ಎಂಬುದು ಅವನ ಮೇಲಿನ ಆರೋಪ. ಆದರೆ ಲ್ಯಾಟಿನ್ ವ್ಯಾಕರಣದಲ್ಲಿ ಉತ್ತಮ ಪುರುಷ ಮೊದಲು ಬರುವುದೇ ವಾಡಿಕೆ. ವೂಲ್ಸಿಗೆ ಗರ್ವ ಇದ್ದಿರಬಹುದು, ಆ ವಾಕ್ಯ ಮಾತ್ರ ಅದಕ್ಕೆ ಸಾಕ್ಷಿಯಲ್ಲ.

ಎರಡನೆಯ ಆರೋಪಿ ಪ್ರಬಂಧ ಪ್ರಕಾರದ ಆದಿಪುರುಷ ಮೊಂತೇನ್. ಜಗತ್ತು ಕಂಡ ಈಗೋಟಿಸ್ಟರಲ್ಲಿ ಇವನೇ ಅಗ್ರಗಣ್ಯ ಎಂದು ಅಡಿಸನ್ ತೀರ್ಪು ಕೊಟ್ಟರು. ಮೊಂತೇನನಿಗೆ ಬಿಳಿ ವೈನ್ ಇಷ್ಟವೋ ಕೆಂಪು ವೈನ್ ಇಷ್ಟವೋ, ಅದನ್ನು ಕಟ್ಟಿಕೊಂಡು ಲೋಕಕ್ಕೇನು ಎಂದು ರೇಗಿದ್ದ ಸ್ಕಾಲಿಜರ್ ಎಂಬ ಪಂಡಿತನನ್ನೂ ಜೊತೆಗೆ ಕರೆತಂದರು.

ಈ ತೀರ್ಪನ್ನು ನಾನು ಒಪ್ಪುವುದಿಲ್ಲ. 1580ರಲ್ಲಿ ಮೊದಲು ಅಚ್ಚಾದ ಪುಸ್ತಕಕ್ಕೆ ತಾನೇ ವಸ್ತು ಎಂದು ಮೊಂತೇನ್ ಮುನ್ನುಡಿಯಲ್ಲೇ ಹೇಳಿಬಿಡುತ್ತಾನೆ, ನಿಜ. ಆದರೆ ಅವನು ಬರೆಯುವುದಾದರೂ ಏನನ್ನು? ಮೂತ್ರಪಿಂಡದ ಕಲ್ಲಿನ ನೋವನ್ನು, ಕೈಕೊಡುವ ನೆನಪಿನ ಶಕ್ತಿಯನ್ನು. ಕುದುರೆಯಿಂದ ಬಿದ್ದು ಪ್ರಜ್ಞೆ ತಪ್ಪಿದಾಗ ಸಾವಿನ ಬಾಗಿಲು ಹೇಗೆ ಕಂಡಿತು ಎಂಬುದನ್ನು. ಮೂಲಂಗಿ ಮೊದಲು ಒಗ್ಗುತ್ತಿತ್ತು, ಆಮೇಲೆ ಒಗ್ಗಲಿಲ್ಲ, ಈಗ ಮತ್ತೆ ಒಗ್ಗುತ್ತಿದೆ ಎಂಬುದನ್ನು. ವೈನಿನ ಮಾತು ಬರುವುದೂ ಈ ಮೂಲಂಗಿಯ ಬೆನ್ನಿಗೇ. ಮನುಷ್ಯನ ರುಚಿ, ನಿಲುವು, ದೇಹ ಯಾವುದೂ ನಿಂತಲ್ಲಿ ನಿಲ್ಲುವುದಿಲ್ಲ ಎಂದು ತೋರಿಸಲು ಅವನು ತನ್ನನ್ನೇ ಮೇಜಿನ ಮೇಲೆ ಮಲಗಿಸಿಕೊಂಡಿದ್ದಾನೆ. ಅವನ ‘ನಾನು’ವಿನಲ್ಲಿ ಓದುಗನಿಗೂ ಜಾಗವಿದೆ.

‘ನಾನು’ ಬಿಟ್ಟ ಮಾತ್ರಕ್ಕೆ ವಿನಯ ಬಂದುಬಿಡುತ್ತದೆಯೇ? ಜೂಲಿಯಸ್ ಸೀಸರ್ ಗಾಲ್ ಯುದ್ಧದ ವೃತ್ತಾಂತ ಬರೆಯುವಾಗ ತನ್ನನ್ನು ಪ್ರಥಮ ಪುರುಷದಲ್ಲೇ ಕರೆದುಕೊಂಡ. ಸೀಸರ್ ಬಂದ, ಸೀಸರ್ ಸೇತುವೆ ಕಟ್ಟಿಸಿದ, ಸೀಸರ್ ಗೆದ್ದ. ಆ ಪುಸ್ತಕ ಓದಿದ ಯಾರೂ ಅವನನ್ನು ವಿನಯವಂತ ಎಂದುಕೊಂಡಿಲ್ಲ. ಇದಕ್ಕೆ ತದ್ವಿರುದ್ಧ ಚಾರ್ಲ್ಸ್ ಲ್ಯಾಂಬ್. ಅವನ ಪ್ರಬಂಧಗಳ ತುಂಬ ‘ನಾನು’. ಈಗೋಟಿಸಮ್ ಎಂಬ ಟೀಕೆ ಬಂದಾಗ, 1833ರ ‘ಲಾಸ್ಟ್ ಎಸ್ಸೇಸ್ ಆಫ್ ಈಲಿಯಾ’ ಸಂಕಲನದ ಮುನ್ನುಡಿಯಲ್ಲಿ, ತನ್ನದೆಂದು ಹೇಳಿದ್ದು ಎಷ್ಟೋ ಸಲ ಇನ್ನೊಬ್ಬನ ಬದುಕು ಎಂದು ತಿಳಿಸಿದ. ಲಂಡನ್ನಿನ ಶಾಲೆಗೆ ಸೇರಿ, ಊರು ಮನೆ ನೆನೆದು ಕೊರಗುವ ಅವನ ಪ್ರಬಂಧದ ಹುಡುಗ ನಿಜಕ್ಕೂ ಗೆಳೆಯ ಕೋಲ್ರಿಜ್. ಸ್ನೇಹಿತನ ಸಂಕಟವನ್ನು ‘ನಾನು’ ಎಂದು ಹೇಳಿದವನನ್ನು ಈಗೋಟಿಸ್ಟ್ ಅನ್ನುವುದು ಹೇಗೆ? ಕನ್ನಡದ ಲಲಿತ ಪ್ರಬಂಧದಲ್ಲಿ, ಮುಖ್ಯವಾಗಿ ಎ.ಎನ್. ಮೂರ್ತಿರಾಯರಲ್ಲಿ, ನಾವು ಪ್ರೀತಿಸುವ ‘ನಾನು’ ಈ ವಂಶದ್ದೇ.

ಇನ್ನು ಬಳಕೆಯ ಮಾತು. ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ಟಕಾರವಿಲ್ಲದ ‘ಈಗೋಯಿಸಮ್’ ಕೂಡ ಇಂಗ್ಲಿಷಿಗೆ ಬಂತು. ಅದು ತತ್ತ್ವಶಾಸ್ತ್ರದ ಪದ. ಮನುಷ್ಯನ ಎಲ್ಲ ನಡೆಗೂ ಸ್ವಹಿತವೇ ಮೂಲ, ಅಥವಾ ಸ್ವಹಿತವೇ ಗುರಿಯಾಗಬೇಕು ಎಂಬ ವಾದ. ಈಗೋಯಿಸ್ಟ್ ಬಾಯಿ ಬಿಡಬೇಕೆಂದಿಲ್ಲ. ಸವಿಯಾಗಿ ನಾಲ್ಕು ಮಾತಾಡಿ ಅಣ್ಣತಮ್ಮಂದಿರ ಪಾಲನ್ನೂ ತನ್ನ ಹೆಸರಿಗೆ ಬರೆಸಿಕೊಳ್ಳುವವನು ಈಗೋಯಿಸ್ಟ್. ಮದುವೆ ಮನೆಯಲ್ಲಿ ಕೈಹಿಡಿದು ಕೂರಿಸಿ ತನ್ನ ಸಾಧನೆಯನ್ನೇ ಕೊಚ್ಚಿಕೊಳ್ಳುವವನು ಈಗೋಟಿಸ್ಟ್; ಕಷ್ಟ ಎಂದರೆ ಮೊದಲು ಓಡಿಬರುವವನೂ ಅವನೇ ಆಗಿರಬಹುದು. ಜಾರ್ಜ್ ಮೆರಿಡಿತ್ 1879ರ ತನ್ನ ಕಾದಂಬರಿಗೆ ‘ದಿ ಈಗೋಯಿಸ್ಟ್’ ಎಂದು ಹೆಸರಿಟ್ಟದ್ದು ಅಳೆದು ತೂಗಿಯೇ. ಅದರ ನಾಯಕನಿಗೆ ಮದುವೆಯಾಗುವ ಹುಡುಗಿಯ ಮನಸ್ಸೂ ತನ್ನ ಸ್ವತ್ತಾಗಬೇಕು. ಇಂದು ಇಂಗ್ಲಿಷ್ ಬಲ್ಲವರೂ ಎರಡನ್ನೂ ಬೆರೆಸುತ್ತಾರೆ, ನಿಘಂಟುಗಳೂ ಮೆತ್ತಗಾಗಿವೆ. ಆದರೂ ಈ ವ್ಯತ್ಯಾಸ ಉಳಿಯಬೇಕು. ಟಾಕ್‌ನ ‘ಟ’ ಇದ್ದರೆ ಮಾತಿನ ದೋಷ ಎಂದು ನೆನಪಿಟ್ಟುಕೊಂಡರೆ ಸಾಕು. ನಾವು ಆಡುವ ‘ಈಗೋ’ ಇವೆರಡರ ನಂತರದ್ದು, ಫ್ರಾಯ್ಡ್‌ನಿಂದ ಪ್ರಚಾರಕ್ಕೆ ಬಂದದ್ದು. ಅವನು ಬರೆದದ್ದು ಸರಳ ಜರ್ಮನ್ನಿನ ‘ನಾನು’. ಅದನ್ನು ಲ್ಯಾಟಿನ್ ಮಾಡಿದವರು ಇಂಗ್ಲಿಷ್ ಅನುವಾದಕರು. ಅಲ್ಲಿ ಅದಕ್ಕೆ ಸೊಕ್ಕಿನ ಅರ್ಥವೇ ಇಲ್ಲ.

ಸಂಸ್ಕೃತದ ‘ಅಹಂ’ ಮತ್ತು ಲ್ಯಾಟಿನ್ನಿನ ‘ಈಗೋ’ ಒಂದೇ ಮೂಲದ ಅಕ್ಕತಂಗಿಯರು. ಆದರೆ ಕನ್ನಡದ ವಾಕ್ಯಕ್ಕೆ ‘ನಾನು’ ಬೇಕೇ ಬೇಕು ಎಂದಿಲ್ಲ. ಹೋದೆ, ಬಂದೆ, ಕಂಡೆ ಎಂದರೆ ಕ್ರಿಯಾಪದದ ಬಾಲದಲ್ಲೇ ಅದು ಅಡಗಿ ಕೂತಿರುತ್ತದೆ. ಸರ್ವನಾಮ ಎಣಿಸುವ ಅಡಿಸನ್ನರ ಪರೀಕ್ಷೆ ಇಲ್ಲಿ ನಡೆಯದು. ನಮ್ಮಲ್ಲಿ ಆಡಿದ ಮಾತಿನ ತೂಕವನ್ನೇ ನೋಡಬೇಕು.

ಆ ತೂಕವನ್ನು ಮಹಾಭಾರತದ ಕರ್ಣಪರ್ವದಷ್ಟು ಸೂಕ್ಷ್ಮವಾಗಿ ಅಳೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕರ್ಣನಿಂದ ಏಟು ತಿಂದು ಬಿಡಾರಕ್ಕೆ ಬಂದ ಧರ್ಮರಾಯ, ಗಾಂಡೀವವನ್ನು ಬೇರೆಯವರಿಗೆ ಕೊಟ್ಟುಬಿಡು ಎಂದು ಅರ್ಜುನನನ್ನು ಜರೆಯುತ್ತಾನೆ. ಹಾಗೆಂದವರನ್ನು ಕೊಲ್ಲುವೆನೆಂಬುದು ಅರ್ಜುನನ ಪ್ರತಿಜ್ಞೆ. ಕತ್ತಿ ಹಿರಿದವನನ್ನು ಕೃಷ್ಣ ತಡೆದು, ಹಿರಿಯನನ್ನು ‘ನೀನು’ ಎಂದು ಏಕವಚನದಲ್ಲಿ ಕರೆದರೆ ಕೊಂದಂತೆಯೇ ಎನ್ನುತ್ತಾನೆ. ಅಣ್ಣನನ್ನು ಹಾಗೆ ಬೈದ ಅರ್ಜುನ, ಪಶ್ಚಾತ್ತಾಪದಿಂದ ತನ್ನನ್ನೇ ಕೊಂದುಕೊಳ್ಳಲು ಹೊರಟಾಗ, ನಿನ್ನನ್ನು ನೀನೇ ಹೊಗಳಿಕೋ, ಅದೇ ಆತ್ಮಹತ್ಯೆ ಎನ್ನುತ್ತಾನೆ ಕೃಷ್ಣ. ಶಿವನನ್ನು ಬಿಟ್ಟರೆ ತನ್ನಂಥ ಬಿಲ್ಲುಗಾರನಿಲ್ಲ ಎಂದು ಅರ್ಜುನ ಹೇಳಿಕೊಳ್ಳುತ್ತಾನೆ. ಒಂದು ‘ನೀನು’ ಅಣ್ಣನನ್ನು ಕೊಂದಿತು, ಒಂದು ‘ನಾನು’ ತಮ್ಮನನ್ನು.

ಅಲ್ಲಿ ಅರ್ಜುನ ಮಾಡಿದ್ದಕ್ಕೆ ಹೆಸರು ಆತ್ಮಪ್ರಶಂಸೆ. ಈಗೋಟಿಸಮ್‌ಗೆ ಅದಕ್ಕಿಂತ ಹತ್ತಿರದ ಮಾತು ನಮ್ಮಲ್ಲಿಲ್ಲ, ಆಡುಮಾತಿನಲ್ಲಿ ಬೇಕೆಂದರೆ ಬಡಾಯಿ ಇದೆ. ಅನುವಾದ ಮಾಡುವವರಲ್ಲಿ, ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೇ: ಈಗೋಟಿಸಮ್‌ಗೆ ಆತ್ಮಪ್ರಶಂಸೆ ಎಂದೂ ಈಗೋಯಿಸಮ್‌ಗೆ ಸ್ವಾರ್ಥವಾದ ಎಂದೂ ಬರೆಸಿ, ಎರಡಕ್ಕೂ ಅಹಂಕಾರ ಎಂದು ಬರೆಸಬೇಡಿ.