ಬೀಳುವ ಕಲ್ಲಿಗೆ ಎರಡು ಲೆಕ್ಕ

ಪ್ರಥಮ ಪಿಯುಸಿಯ ಭೌತವಿಜ್ಞಾನ ಪಠ್ಯದಲ್ಲಿ ಹೆಸರಿಲ್ಲದ ಒಂದು ಬಹುಮಹಡಿ ಕಟ್ಟಡವಿದೆ. ನೆಲದಿಂದ 25 ಮೀಟರ್ ಎತ್ತರದಲ್ಲಿ ನಿಂತು ಯಾರೋ ಒಂದು ಚೆಂಡನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆಯುತ್ತಾರೆ. ಅದು ಎಷ್ಟು ಮೇಲೇರೀತು, ಎಷ್ಟು ಹೊತ್ತಿಗೆ ನೆಲ ಮುಟ್ಟೀತು? ತಿಕೋಟಾದಿಂದಲೋ ಬಬಲೇಶ್ವರದಿಂದಲೋ ಬಸ್ಸು ಹಿಡಿದು ವಿಜಯಪುರದ ಕಾಲೇಜಿಗೆ ಬರುವ ಹುಡುಗ ಹುಡುಗಿಯರಿಗೆ ಆ ಕಟ್ಟಡದ ಹಂಗೇ ಬೇಡ. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ ಉಪ್ಪಲಿ ಬುರುಜು ಊರೊಳಗೇ ಇದೆ. ಎತ್ತರ ಸುಮಾರು 80 ಅಡಿ, ಅಂದರೆ ಹೆಚ್ಚುಕಡಿಮೆ ಪಠ್ಯದ 25 ಮೀಟರೇ. ಹೊರಮೈಗೆ ಸುತ್ತಿಕೊಂಡ ಮೆಟ್ಟಿಲು ಹತ್ತಿದವರಿಗೆ ಆ ಎತ್ತರ ಎಷ್ಟೆಂದು ಮೊಣಕಾಲೇ ಹೇಳುತ್ತದೆ.

ಈ ಲೆಕ್ಕವನ್ನು ನಮ್ಮ ತರಗತಿಗಳು ಬಿಡಿಸುವ ಕ್ರಮವೇ ನನ್ನ ತಕರಾರು. ಕೊಟ್ಟಿದ್ದೇನು, ಕೊಡದಿದ್ದೇನು ಎಂದು ಪಟ್ಟಿ ಮಾಡುವುದು, ಚಲನೆಯ ಮೂರು ಸಮೀಕರಣಗಳಲ್ಲಿ ಒಂದನ್ನು ಆರಿಸುವುದು, ಬೆಲೆ ತುಂಬುವುದು. "ಯಾವ ಫಾರ್ಮುಲಾ ಹಾಕೂದ್ರಿ ಸರ್?" ಎಂಬ ಪ್ರಶ್ನೆ ಮೊದಲು ಬರುತ್ತದೆ, ಚೆಂಡಿಗೆ ಏನಾಗುತ್ತಿದೆ ಎಂಬುದು ಆಮೇಲೆ, ಎಷ್ಟೋ ಸಲ ಬರುವುದೇ ಇಲ್ಲ. ನಾಲ್ಕೈದು ತಿಂಗಳ ನಂತರ ಕೆಲಸ ಮತ್ತು ಶಕ್ತಿಯ ಅಧ್ಯಾಯ ಬಂದಾಗ ಅದೇ ಚೆಂಡು ಬೇರೆ ವೇಷದಲ್ಲಿ ಕಾಣಿಸುತ್ತದೆ. ಹುಡುಗರು ಅದನ್ನು ಗುರುತು ಹಿಡಿಯುವುದಿಲ್ಲ.

ಬುರುಜಿನ ಮೇಲೇ ಇನ್ನಷ್ಟು ಹೊತ್ತು ನಿಲ್ಲೋಣ. ಗುರುತ್ವ ವೇಗೋತ್ಕರ್ಷವನ್ನು 10 ಎಂದಿಟ್ಟುಕೊಂಡರೆ ಚೆಂಡು ಕೈಬಿಟ್ಟ ಜಾಗದಿಂದ 20 ಮೀಟರ್ ಮೇಲೇರುತ್ತದೆ. ನೆಲ ಮುಟ್ಟುವ ಕಾಲಕ್ಕೆ ವರ್ಗ ಸಮೀಕರಣ ಬಿಡಿಸಿದರೆ ಎರಡು ಉತ್ತರ ಬರುತ್ತವೆ: 5 ಸೆಕೆಂಡು ಮತ್ತು ಮೈನಸ್ 1 ಸೆಕೆಂಡು. ಮೇಷ್ಟರು ಮೈನಸ್ಸಿಗೆ ಅರ್ಥವಿಲ್ಲ ಎಂದು ಅಡ್ಡಗೆರೆ ಎಳೆದು ಮುಂದೆ ಹೋಗುತ್ತಾರೆ. ಈಗ ಶಕ್ತಿಯ ಲೆಕ್ಕ ಹಾಕಿ. ಎಸೆದಾಗಿನ ವೇಗದ ವರ್ಗ 400. 25 ಮೀಟರ್ ಇಳಿದದ್ದಕ್ಕೆ 500 ಸೇರಿತು. 900ರ ವರ್ಗಮೂಲ 30. ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಮೇಲಕ್ಕೆ ಎಸೆದೆಯೋ ಕೆಳಕ್ಕೆ ಎಸೆದೆಯೋ ಎಂದು ಈ ಲೆಕ್ಕ ಕೇಳಲೇ ಇಲ್ಲ. ಅದೇ 20ರ ವೇಗದಲ್ಲಿ ಕೆಳಕ್ಕೆ ಎಸೆದ ಚೆಂಡೂ 30ರಲ್ಲೇ ಬಡಿಯುತ್ತದೆ, ಆದರೆ 1 ಸೆಕೆಂಡಿನಲ್ಲಿ. ಅಡ್ಡಗೆರೆ ಎಳೆದ ಆ ಒಂದು ಸೆಕೆಂಡು ಇದೇ. ಅಂದರೆ ನೆಲದಿಂದ 30ರ ವೇಗದಲ್ಲಿ ಚಿಮ್ಮಿದ ಚೆಂಡು 1 ಸೆಕೆಂಡಿನಲ್ಲಿ ಬುರುಜಿನ ತುದಿಗೆ ಬಂದಾಗ ಅದಕ್ಕೆ ಸರಿಯಾಗಿ 20ರ ವೇಗ ಉಳಿದಿರುತ್ತದೆ. ಮೈನಸ್ 1 ಹೇಳುತ್ತಿದ್ದದ್ದು ಈ ಕಥೆಯನ್ನು. ಎರಡೂ ದಾರಿಗಳನ್ನು ಅಕ್ಕಪಕ್ಕ ಇಟ್ಟಾಗ ಮಾತ್ರ ಇದು ಹೊಳೆಯುತ್ತದೆ. ಒಂದೇ ದಾರಿ ಕಲಿಸಿದರೆ ಅಂಕ ಸಿಗುತ್ತದೆ, ಅಷ್ಟೇ.

ಇಷ್ಟಕ್ಕೂ ಇವು ಎರಡು ದಾರಿಗಳೇ ಎಂಬುದೂ ಅನುಮಾನ. "ವಿ ಸ್ಕ್ವೇರ್ ಈಸ್ ಈಕ್ವಲ್ ಟು ಯು ಸ್ಕ್ವೇರ್ ಪ್ಲಸ್ ಟು ಎ ಎಸ್" ಎಂದು ಬಾಯಿಪಾಠ ಮಾಡಿದ ಮೂರನೆಯ ಸಮೀಕರಣವನ್ನು ಅರ್ಧ ದ್ರವ್ಯರಾಶಿಯಿಂದ ಗುಣಿಸಿದರೆ ಶಕ್ತಿ ಸಂರಕ್ಷಣೆಯೇ ಎದುರಿಗಿರುತ್ತದೆ. ಪಠ್ಯ ಇದನ್ನು ಮುಚ್ಚಿಟ್ಟಿಲ್ಲ. ಕೆಲಸ ಮತ್ತು ಶಕ್ತಿಯ ಅಧ್ಯಾಯದ ಆರಂಭದಲ್ಲೇ ಈ ಗುಣಾಕಾರ ಮಾಡಿ ತೋರಿಸುತ್ತದೆ. ಮುಚ್ಚಿಡುವುದು ತರಗತಿಯ ಅವಸರ.

ಒಂಬತ್ತನೆಯ ತರಗತಿಗೆ ಎನ್‌ಸಿಇಆರ್‌ಟಿ ಬರೆಸಿದ ಪುಸ್ತಕದಲ್ಲಿದ್ದ ಒಂದು ಚಟುವಟಿಕೆಯನ್ನು ನಾನು ತುಂಬಾ ಮೆಚ್ಚುತ್ತೇನೆ. 20 ಕಿಲೋಗ್ರಾಂ ವಸ್ತುವನ್ನು 4 ಮೀಟರ್ ಎತ್ತರದಿಂದ ಬಿಟ್ಟಿದೆ. 4, 3, 2, 1 ಮೀಟರಿನಲ್ಲೂ ನೆಲದ ಹತ್ತಿರವೂ ಪ್ರಚ್ಛನ್ನ ಶಕ್ತಿ ಎಷ್ಟು, ಚಲನ ಶಕ್ತಿ ಎಷ್ಟು, ಕೋಷ್ಟಕ ತುಂಬಿರಿ. ಮೊದಲ ಕಂಬಸಾಲು ಸಲೀಸು: 800, 600, 400, 200, 0 ಜೂಲ್. ಎರಡನೆಯದನ್ನು ಬಹುಪಾಲು ಮಕ್ಕಳು 800ರಿಂದ ಕಳೆದು ತುಂಬುತ್ತಾರೆ. ಆಮೇಲೆ ಎರಡನ್ನೂ ಕೂಡಿಸಿ, ನೋಡಿ ಎಲ್ಲೆಡೆ 800 ಬಂತು, ಶಕ್ತಿ ಸಂರಕ್ಷಣೆಯಾಗಿದೆ ಎಂದು ಬರೆಯುತ್ತಾರೆ! ಕಳೆದದ್ದನ್ನೇ ಕೂಡಿಸಿದರೆ ಬರದೆ ಎಲ್ಲಿ ಹೋದೀತು? 1 ಮೀಟರ್ ಬಿದ್ದಾಗ ವೇಗದ ವರ್ಗ 20, ಆದ್ದರಿಂದ ಚಲನ ಶಕ್ತಿ 200 ಜೂಲ್ ಎಂದು ಚಲನೆಯ ಸಮೀಕರಣದಿಂದ ಪ್ರತ್ಯೇಕವಾಗಿ ತೆಗೆದಾಗ ಮಾತ್ರ ಆ ಕೋಷ್ಟಕ ಪರೀಕ್ಷೆಯಾಗುತ್ತದೆ. ಒಳ್ಳೆಯ ಪಾಠವೊಂದು ಕಳೆಯುವ ಲೆಕ್ಕವಾಗಿ ಹಾಳಾಗುವುದು ಹೀಗೆ.

ಹಾಗೆಂದು ಶಕ್ತಿಯ ದಾರಿಯೇ ಮೇಲು ಎನ್ನಲಾರೆ. ಅದಕ್ಕೆ ಕಾಲದ ಪರಿವೆಯಿಲ್ಲ. ಗೋಲ ಗುಮ್ಮಟದ ಪಿಸುಗುಟ್ಟುವ ಮೊಗಸಾಲೆ ಒಳನೆಲದಿಂದ ಸುಮಾರು 33 ಮೀಟರ್ ಮೇಲಿದೆ. ಅಲ್ಲಿಂದ ಬಿದ್ದ ವಸ್ತು ಸೆಕೆಂಡಿಗೆ 25 ಮೀಟರ್ ಚಿಲ್ಲರೆ ವೇಗದಲ್ಲಿ ನೆಲಕ್ಕೆ ಬರುತ್ತದೆ ಎಂದು ಶಕ್ತಿ ಹೇಳುತ್ತದೆ. ಅದಕ್ಕೆ 2.6 ಸೆಕೆಂಡು ಹಿಡಿಯುತ್ತದೆ ಎಂದು ಹೇಳಬೇಕಾದದ್ದು ಚಲನೆಯ ಸಮೀಕರಣವೇ. 100 ಮೀಟರ್ ಗೋಪುರದಿಂದ ಒಂದು ಕಲ್ಲು ಬಿಟ್ಟು, ಅದೇ ಗಳಿಗೆಯಲ್ಲಿ ನೆಲದಿಂದ ಇನ್ನೊಂದನ್ನು 25ರ ವೇಗದಲ್ಲಿ ಎಸೆದರೆ ಎಲ್ಲಿ ಸಂಧಿಸುತ್ತವೆ ಎಂಬ ಹಳೆಯ ಪ್ರಶ್ನೆಯ ಮುಂದೆಯೂ ಶಕ್ತಿ ಮೂಕ. ಉತ್ತರ 4 ಸೆಕೆಂಡಿನ ನಂತರ, ನೆಲದಿಂದ 20 ಮೀಟರ್ ಮೇಲೆ. ಆ ಹೊತ್ತಿಗೆ ಎರಡನೆಯ ಕಲ್ಲೂ ಕೆಳಮುಖವಾಗಿರುತ್ತದೆ ಎಂಬುದನ್ನು ಗಮನಿಸುವವರು ಕಡಿಮೆ.

ಗಾಳಿ ಅಡ್ಡ ಬಂದಾಗ ಪಾತ್ರಗಳು ಅದಲುಬದಲಾಗುತ್ತವೆ. ಪಿಯುಸಿ ಪಠ್ಯದ ಮಳೆಹನಿಯ ಉದಾಹರಣೆ ಇದಕ್ಕಾಗಿಯೇ ಇದೆ. 1 ಗ್ರಾಂ ತೂಕದ ಹನಿ 1 ಕಿಲೋಮೀಟರ್ ಎತ್ತರದಿಂದ ಬಿದ್ದು ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ನೆಲ ಸೇರುತ್ತದೆ. ಗುರುತ್ವ ಕೊಟ್ಟದ್ದು 10 ಜೂಲ್, ಉಳಿದದ್ದು 1.25, ಮಿಕ್ಕ 8.75 ಗಾಳಿಯ ಪಾಲು. ಮೂರನೆಯ ಸಮೀಕರಣವನ್ನು ಕಣ್ಣುಮುಚ್ಚಿ ಹಾಕಿದ್ದರೆ ವೇಗ 141 ಬರುತ್ತಿತ್ತು. ಲೆಕ್ಕ ಚೆನ್ನ, ಹನಿ ಮಾತ್ರ ನಂಬುವಂಥದ್ದಲ್ಲ. 1 ಗ್ರಾಂ ಹನಿಗೆ 12 ಮಿಲಿಮೀಟರ್ ವ್ಯಾಸ ಬೇಕು. ಅಷ್ಟು ದೊಡ್ಡ ಹನಿ ದಾರಿಯಲ್ಲೇ ಒಡೆಯುತ್ತದೆ, ನಿಜವಾದ ದೊಡ್ಡ ಹನಿಗಳ ವೇಗ ಸೆಕೆಂಡಿಗೆ ಸುಮಾರು 9 ಮೀಟರ್. ತಿಕೋಟಾದ ದ್ರಾಕ್ಷಿ ತೋಟದ ಮಕ್ಕಳಿಗೆ ಇದರ ಬದಲು ಆಲಿಕಲ್ಲು ಕೊಡಬಹುದು. 2 ಸೆಂಟಿಮೀಟರ್ ಗಾತ್ರದ ಆಲಿಕಲ್ಲು 3 ಕಿಲೋಮೀಟರ್ ಮೇಲಿಂದ ಬಂದರೆ ಸಮೀಕರಣದ ಪ್ರಕಾರ 240ಕ್ಕೂ ಹೆಚ್ಚು ವೇಗ. ನಿಜದಲ್ಲಿ 20ರ ಆಸುಪಾಸು. 240ರಲ್ಲಿ ಬಡಿದಿದ್ದರೆ ಗೊಂಚಲಷ್ಟೇ ಅಲ್ಲ, ಬಳ್ಳಿಯೂ ಉಳಿಯುತ್ತಿರಲಿಲ್ಲ.

ಅದೇ ಲೆಕ್ಕವನ್ನು ತಲೆಕೆಳಗು ಮಾಡಿದರೆ ತುಬಚಿ-ಬಬಲೇಶ್ವರ ಏತ ನೀರಾವರಿ. ಕೃಷ್ಣೆಯ 1000 ಲೀಟರ್ ನೀರನ್ನು 100 ಮೀಟರ್ ಎತ್ತಲು 9.8 ಲಕ್ಷ ಜೂಲ್, ಅಂದರೆ ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ 0.27 ಯೂನಿಟ್, ಪಂಪಿನ ದಕ್ಷತೆ ನೂರಕ್ಕೆ 70 ಎಂದರೆ 0.39. ಇಲ್ಲಿ ವೇಗವೂ ಬೇಡ, ಕಾಲವೂ ಬೇಡ; ಚಲನೆಯ ಮೂರು ಸಮೀಕರಣಗಳಿಗೆ ಕೆಲಸವೇ ಇಲ್ಲ. ಬೋರ್ಡಿನ ಮೇಲೆ ಬುರುಜಿನ ಚೆಂಡಿನ ಪಕ್ಕದಲ್ಲೇ ಬರೆಯಬಹುದಾದ ಲೆಕ್ಕ ಇದು. ಪ್ರಶ್ನೆಪತ್ರಿಕೆಯಲ್ಲಿ ಇಂಥದ್ದಕ್ಕೆ ಎರಡು ಅಂಕ ಇಟ್ಟ ದಿನ ತರಗತಿಯೂ ಅದನ್ನು ಬರೆದೀತು.