ಎಲೆ ನೋಡಿ ನಂಟು ಹೇಳಬಾರದು

ಕಾಡುಹೊಗೆಸೊಪ್ಪಿನ ಹೂಗೊನೆ ನೋಡಬೇಕಾದರೆ ಚಳಿಗಾಲವೇ ಸರಿ. ಹೊಸನಗರ ತಾಲ್ಲೂಕಿನ ಹುಲಿಕಲ್ ಘಾಟಿಯ ದಟ್ಟ ಕಾಡಿನ ನೆರಳು ಇದಕ್ಕೆ ಒಗ್ಗದು. ಅದೇ ತಾಲ್ಲೂಕಿನ ಕೊಡಚಾದ್ರಿಯಂಥ, 1343 ಮೀಟರ್ ಎತ್ತರದ ಬೆಟ್ಟದಲ್ಲಿ, ಶೋಲೆ ಕಾಡು ಮುಗಿದು ಹುಲ್ಲು ಶುರುವಾಗುವ ಕಡೆ ಆಳೆತ್ತರ ಮೀರಿ ನಿಲ್ಲುತ್ತದೆ. ಟೊಳ್ಳು ಕಾಂಡ, ತಂಬಾಕಿನದರಂತೆ ಉದ್ದನೆಯ ಎಲೆ, ತುದಿಯಲ್ಲಿ ಮೊಳದುದ್ದದ ಬಿಳಿ ಹೂಗೊನೆ. ಎಲೆಯ ಹೋಲಿಕೆ ಕಂಡು ಇದನ್ನು ತಂಬಾಕಿನ ಕಾಡುತಳಿ ಎಂದುಕೊಳ್ಳುವುದುಂಟು. ಕಾಡಿನದಾದ್ದರಿಂದ ಅಪಾಯ ಕಡಿಮೆ ಎಂದುಕೊಳ್ಳುವುದೂ ಉಂಟು. ಎರಡೂ ತಪ್ಪು. ಎರಡನೆಯದಂತೂ ಜೀವಕ್ಕೇ ಎರವಾಗಬಹುದಾದ ತಪ್ಪು.

ಒಂದು ಹೂ ಬಿಡಿಸಿ ನೋಡಿದರೆ ಮೊದಲನೆಯದು ಬಗೆಹರಿಯುತ್ತದೆ. ತಂಬಾಕಿನ ಹೂವಿನ ಐದು ಕೇಸರಗಳು ಬಿಡಿಬಿಡಿಯಾಗಿರುತ್ತವೆ. ಕಾಡುಹೊಗೆಸೊಪ್ಪಿನ ದಳಗಳ ನಳಿಕೆ ಬೆನ್ನುದ್ದಕ್ಕೂ ಸೀಳಿದೆ. ಐದು ಪರಾಗಕೋಶಗಳು ಒಂದಕ್ಕೊಂದು ಅಂಟಿ ಶಲಾಕೆಯ ಸುತ್ತ ಕೊಳವೆಯಾಗಿವೆ. ಶಲಾಕೆ ಬೆಳೆಯುತ್ತ ಪರಾಗವನ್ನು ಕೊಳವೆಯಿಂದ ಹೊರಕ್ಕೆ ತಳ್ಳುತ್ತದೆ, ಆಮೇಲೆ ಅದರ ತುದಿ ತೆರೆದುಕೊಳ್ಳುತ್ತದೆ. ಕಾಂಡ ಮುರಿದರೆ ಹಾಲು ಒಸರುತ್ತದೆ, ತಂಬಾಕಿನಲ್ಲಿ ಹಾಲಿಲ್ಲ. ತಂಬಾಕು ಅಮೆರಿಕದಿಂದ ಬಂದ, ಬದನೆಯ ಕುಟುಂಬದ ಗಿಡ. ಕಾಡುಹೊಗೆಸೊಪ್ಪು, ಅಂದರೆ ಲೊಬೀಲಿಯ ನಿಕೋಷಿಯಾನಿಫೋಲಿಯ, ನಮ್ಮ ಘಟ್ಟಗಳದ್ದೇ, ಕ್ಯಾಂಪನುಲೇಸಿ ಕುಟುಂಬದ್ದು.

ರಸಾಯನದ ಮಾತು ಬೇರೆ. ತಂಬಾಕಿನ ನಿಕೋಟಿನ್ ಅಣುವಿನಲ್ಲಿ ಸಾರಜನಕದ ಎರಡು ಪರಮಾಣುಗಳಿದ್ದರೆ ಇದರ ಲೊಬೆಲಿನ್‌ನಲ್ಲಿ ಒಂದೇ. ಆದರೂ ದೇಹದೊಳಗೆ ಎರಡೂ ಹೋಗಿ ಹಿಡಿಯುವುದು ಒಂದೇ ಬಗೆಯ ನರಗ್ರಾಹಿಗಳನ್ನು. ಒಣಗಿದ ಎಲೆಯ ಪುಡಿ ಮೂಗು, ಗಂಟಲನ್ನು ಉರಿಸುತ್ತದೆ. ಹೊಟ್ಟೆಗೆ ಹೋದರೆ ವಾಕರಿಕೆ, ವಾಂತಿ, ನಡುಕ, ಹೆಚ್ಚಾದರೆ ಸೆಳವು.

ದಮ್ಮಿಗೆ ಹಿಂದಿನವರು ಇದನ್ನು ಬಳಸುತ್ತಿರಲಿಲ್ಲವೆ ಎಂದು ಕೇಳಬಹುದು. ಬಳಸುತ್ತಿದ್ದರು, ಅವರ ಅನುಭವ ಸುಳ್ಳೂ ಅಲ್ಲ. ಕುತ್ತಿಗೆಯ ರಕ್ತನಾಳದ ಕವಲಿನಲ್ಲಿರುವ ಸಂವೇದಕಗಳನ್ನು ಕೆಣಕಿ ಲೊಬೆಲಿನ್ ಉಸಿರಾಟವನ್ನು ಚುರುಕುಗೊಳಿಸುತ್ತದೆ. ಹುಟ್ಟುತ್ತಲೇ ಉಸಿರುಗಟ್ಟಿದ ಶಿಶುಗಳಿಗೂ ಒಂದು ಕಾಲದಲ್ಲಿ ವೈದ್ಯರು ಇದರ ಚುಚ್ಚುಮದ್ದು ಕೊಡುತ್ತಿದ್ದರು. ಅದು ಕೈಬಿಟ್ಟುಹೋಯಿತು, ಏಕೆಂದರೆ ಗುಣ ಕ್ಷಣಕಾಲದ್ದು, ಮದ್ದಿನ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಅಂತರ ತೀರ ಕಡಿಮೆ. ಸಿಗರೇಟು ಬಿಡಿಸುವ ಮಾತ್ರೆಯಾಗಿಯೂ ಲೊಬೆಲಿನ್ ಮಾರಾಟವಾಯಿತು. ಗುಣಕ್ಕೆ ಪುರಾವೆ ಸಾಲದೆಂದು 1993ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಂಥ ಮಾತ್ರೆಗಳನ್ನು ಅಲ್ಲಿನ ಮಾರುಕಟ್ಟೆಯಿಂದ ತೆಗೆಸಿತು. ತೂಗಿ ಅಳೆದು ಕೊಟ್ಟ ಮದ್ದಿನ ಗತಿಯೇ ಹೀಗಿರುವಾಗ, ಎಷ್ಟು ಸತ್ವವಿದೆಯೆಂದು ನೋಡಿ ಹೇಳಲಾಗದ ಎಲೆಯನ್ನು ಕಷಾಯಕ್ಕೋ ಕವಳಕ್ಕೋ ಹಾಕುವುದು ಯಾವ ಜಾಣತನ?

ಹಾಗೆಂದು ವಿಷವೆಂಬ ಕಾರಣಕ್ಕೆ ಕಡಿದು ಹಾಕುವುದೂ ಸಲ್ಲ. ಆ ವಿಷವು ಗಿಡ ತನ್ನನ್ನು ತಾನು ಕಾಯ್ದುಕೊಳ್ಳುವ ಉಪಾಯ. ಬೆಟ್ಟದ ಹುಲ್ಲುಗಾವಲಿನಲ್ಲಿ ಅದಕ್ಕೆ ಸಹಜವಾದ ಜಾಗವಿದೆ. ಬೆಟ್ಟ ಹತ್ತುವವರಿಗೆ, ಸೊಪ್ಪು ತರುವವರಿಗೆ, ಮಕ್ಕಳಿಗೆ ನಾವು ಕಲಿಸಬೇಕಾದದ್ದು ಮೂರು ಗುರುತು: ಒಸರುವ ಹಾಲು, ಸೀಳಿದ ಹೂನಳಿಕೆ, ಅಂಟಿಕೊಂಡ ಪರಾಗಕೋಶ. ಇಷ್ಟು ತಿಳಿದವರು ಇದನ್ನು ತಂಬಾಕೆಂದು ತಂದು ಒಣಗಿಸುವುದಿಲ್ಲ, ಕಸವೆಂದು ಕಡಿಯುವುದೂ ಇಲ್ಲ.